ಅಗಸೆ ಎಣ್ಣೆ ತುಂಬಿಕೊಟ್ಟ ಹಸಿರು ಬಾಟಲಿ

ನಾನು ದನದ ಕಾಂಪೌಂಡರ್ ಆಗಿದ್ದವನು. ಮನುಷ್ಯರಿಗೆ ಔಷಧಿ ಕೊಡುವ ಅಧಿಕಾರ ನನಗೆ ಯಾವತ್ತೂ ಇರಲಿಲ್ಲ. ಆದರೂ ನನ್ನ ಕೈಯಿಂದ ಸಾವಿನ ಬಾಗಿಲಿಗೆ ಹೋದವರು ಒಬ್ಬ ಹೆಂಗಸು.

ಈ ಸಂಗತಿಯನ್ನು ನಿವೃತ್ತಿಯ ದಿನ ಸಹೋದ್ಯೋಗಿಗಳ ಮುಂದೆ ಹೇಳಿದ್ದೆ. ಚಪ್ಪಾಳೆ ಬಿತ್ತು. ತಪ್ಪು ಮಾಡಿದವನೊಬ್ಬ ತಪ್ಪನ್ನು ಹೇಳಿಕೊಂಡು ಚಪ್ಪಾಳೆ ಗಿಟ್ಟಿಸಿಕೊಂಡನೆಂದರೆ ಎಲ್ಲೋ ಏನೋ ತಿದ್ದಿದ್ದಾನೆ ಎಂದೇ ಅರ್ಥ. ಮನೆಗೆ ಬಂದು ಕೂತು ಯೋಚಿಸಿದಾಗ ಮೂರು ಕಡೆ ತಿದ್ದಿದ್ದೇನೆಂದು ಗೊತ್ತಾಯಿತು. ಪಶು ಆಸ್ಪತ್ರೆಯ ಕೆಲಸಕ್ಕೆ ಈಗ ಸೇರುತ್ತಿರುವವರಿಗಾಗಿ ಆ ಮೂರನ್ನೂ ಹಿಂದಕ್ಕೆ ತಿದ್ದಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನಗಳ ವಿಚಾರ ಇದರಲ್ಲಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನ ಮೊದಲ ಕೆಲಸ ಕುಣಿಗಲ್ಲಿನಲ್ಲಿ. ಅಲ್ಲಿ ಒಬ್ಬ ಶ್ರೀಮಂತರ ಕುದುರೆ ಲಾಯವಿತ್ತು. ಡಾಕ್ಟರ ಹಿಂದೆ ಔಷಧಿ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವನು ಮುನಿಯಣ್ಣ. ಐವತ್ತು ದಾಟಿದ್ದರೂ ಅವನ ಮೈಚರ್ಮ ಕುದುರೆಯ ಮೈಯಂತೆಯೇ ಹೊಳೆಯುತ್ತಿತ್ತು. ಬೆಳಿಗ್ಗೆ ಕುದುರೆಗಳ ಹುರುಳಿಗೆ ಅಗಸೆ ಎಣ್ಣೆ ಬೆರೆಸುವಾಗ ಅದೇ ಡಬ್ಬದಿಂದ ಎರಡು ಚಮಚ ತಾನೂ ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಏನಣ್ಣ, ಕುದುರೆ ಎಣ್ಣೆ ಕುಡೀತೀಯ?" ಎಂದೆ.

"ಕುದ್ರೆಗೆ ಒಗ್ಗಿದ್ದು ನಂಗೊಗ್ಗಲ್ವೇನ್ಲಾ? ಮಂಡಿ ನೋವ್ ಹೋಯ್ತು. ಬೆಳಿಗ್ಗೆ ಸಲೀಸಾಗಿ ಹೊಟ್ಟೆ ಖಾಲಿ ಆಗ್ತೈತೆ. ನೀನೂ ಕುಡಿ, ಮುಖ ನೋಡು, ಒಣಗಿದ ಕೊಬ್ರಿ ಗಿಟಕಿನಂಗೈತೆ."

ನಮ್ಮ ಕಡೆ ಆಗ ಅಗಸೆಯನ್ನು ತಿನ್ನುವವರು ಕಡಿಮೆ. ಉತ್ತರದ ಜಿಲ್ಲೆಗಳಲ್ಲಿ ಅದರ ಚಟ್ನಿಪುಡಿ ಮಾಡುತ್ತಾರೆಂದು ಕೇಳಿದ್ದೆ ಅಷ್ಟೆ. ನಾನೂ ಕುಡಿಯತೊಡಗಿದೆ. ಬಣ್ಣದ ಅಂಗಡಿಯ ವಾಸನೆ, ಮೂಗು ಹಿಡಿದೇ ಕುಡಿಯಬೇಕು. ಎರಡು ತಿಂಗಳಿಗೆ ಮಲಬದ್ಧತೆ ಹೋಯಿತು, ಬಿರಿದಿದ್ದ ಹಿಮ್ಮಡಿ ಕೂಡಿಕೊಂಡಿತು. ಅಲ್ಲಿಂದ ನಾನು ಅಗಸೆ ಎಣ್ಣೆಯ ಪ್ರಚಾರಕನಾದೆ. ಮಂಡಿ ನೋವೆಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಮುನಿಯಣ್ಣನ ಕತೆ ಹೇಳುತ್ತಿದ್ದೆ.

ಮುನಿಯಣ್ಣನ ಮಂಡಿಯ ವಿಚಾರವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟುಕೊಂಡು ನಿಮ್ಮನ್ನು ಬೆಚ್ಚಿಬೀಳಿಸುವ ಆಸೆ ನನಗಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನು ರಕ್ತ ವಾಂತಿ ಮಾಡಿಕೊಂಡು ಮಲಗಿದ್ದಾನೆಂದು ಕೇಳಿ ನೋಡಲು ಹೋದೆ. ಅವನ ಹೆಂಡತಿ ಗೋಡೆಯ ಗೂಡಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಕಾಲುನೋವಿನ ಕುದುರೆಗಳಿಗೆ ಕೊಡುವ ಮಾತ್ರೆಯ ಪುಡಿ. ದಿನಾ ಒಂದು ಚಿಟಿಕೆ, ಎಣ್ಣೆಯ ಜೊತೆಗೆ. "ನಿಂಗ್ ಹೇಳಿರ್ಲಿಲ್ವೇನ್ಲಾ?" ಎಂದು ಅವನು ಮಲಗಿದ್ದಲ್ಲೇ ಕೇಳಿದ. ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಊರೂರಿಗೆ ನಾನು ಸಾರಿದ್ದ ಮಂಡಿ ಔಷಧಿ ಅಗಸೆ ಎಣ್ಣೆಯಾಗಿರಲಿಲ್ಲ, ಕುದುರೆಯ ಮಾತ್ರೆಯಾಗಿತ್ತು. ಅವನ ಹೊಟ್ಟೆ ಹುಣ್ಣಾಗಿ ರಕ್ತ ಬಂದದ್ದೂ ಅದರಿಂದಲೇ.

ಇನ್ನೊಂದು ತಪ್ಪು ಕುಣಿಗಲ್ಲಿನದೇ. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆಗೆ ಗೊಟ್ಟ ಎನ್ನುತ್ತೇವೆ. ಹೊಟ್ಟೆ ಉಬ್ಬಿದ ಒಂದು ಎತ್ತಿಗೆ ಗೊಟ್ಟದಲ್ಲಿ ಎಣ್ಣೆ ಕುಡಿಸುವಾಗ ಅದರ ತಲೆಯನ್ನು ಅತಿಯಾಗಿ ಮೇಲೆತ್ತಿ ಹಿಡಿದೆ. ಎತ್ತು ಕೆಮ್ಮಿತು. ಕೆಮ್ಮಿದರೂ ಸುರಿದೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಮೂರನೆಯ ದಿನ ಎತ್ತು ಸತ್ತಿತು. ಹೊಟ್ಟೆಗೆ ಹೋದ ಎಣ್ಣೆಗಿಂತ ಉಸಿರಿಗೆ ಹೋದ ಎಣ್ಣೆ ಹೆಚ್ಚು ಕೊಲ್ಲುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಆ ಎತ್ತು.

ಆಮೇಲೆ ಗುಬ್ಬಿ. ಎಂಬತ್ತರ ದಶಕದ ಮೊದಲ ವರ್ಷಗಳು. ಡಾಕ್ಟರು ನಂಜುಂಡಪ್ಪನವರೆಂದು, ಮಾತು ಕಡಿಮೆ, ಗೊಣಗಾಟ ಹೆಚ್ಚು. ಆಸ್ಪತ್ರೆಯೆಂದರೆ ಎರಡು ಕೋಣೆ, ಹೊರಗೆ ದನ ಕಟ್ಟಿ ನಿಲ್ಲಿಸುವ ಕಟಕಟೆ, ಔಷಧಿ ಕೋಣೆಗೊಂದು ಉದ್ದನೆಯ ಕಿಟಕಿ. ಸರ್ಕಾರ ಔಷಧಿ ಕೊಡುತ್ತಿತ್ತೇ ಹೊರತು ಬಾಟಲಿ ಕೊಡುತ್ತಿರಲಿಲ್ಲ. ಜನ ಮನೆಯಿಂದ ಹಳೆಯ ಬಾಟಲಿ ತೊಳೆದು, ತೆಂಗಿನ ನಾರಿನ ಬಿರಡೆ ಹಾಕಿ ತರುತ್ತಿದ್ದರು. ಬಂದವರು ಬಂದ ಹಾಗೆ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ದನದ ಕಷ್ಟ ಹೇಳಿ ಬೇವಿನ ಮರದಡಿ ಕೂರುತ್ತಿದ್ದರು. ನಾನು ಒಳಗಿನಿಂದ ಸಾಲಿನ ಪ್ರಕಾರ ತುಂಬಿಡುತ್ತಿದ್ದೆ. ಕೂಗಿದಾಗ ಅವರವರು ಬಂದು ಅವರವರ ಬಾಟಲಿ ಎತ್ತಿಕೊಳ್ಳುತ್ತಿದ್ದರು. ಚೀಟಿಯಿಲ್ಲ, ಹೆಸರಿಲ್ಲ. ಮೊದಲನೆಯದು ಇಂಥವರದು, ಎರಡನೆಯದು ಇಂಥವರದು ಎಂಬ ಲೆಕ್ಕ ನನ್ನ ತಲೆಯಲ್ಲಿ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಹೊಟ್ಟೆಯುಬ್ಬರಕ್ಕೆ ಆಗ ಕೊಡುತ್ತಿದ್ದದ್ದು ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿದ ಔಷಧಿ. ಮಳೆ ಬಿದ್ದು ಎಳೆ ಹುಲ್ಲು ಬಂದಾಗ ದನಗಳು ಮೇದು ನಗಾರಿಯಂತೆ ಉಬ್ಬುತ್ತವೆ. ಒಂದು ಗಂಟೆ ತಡವಾದರೆ ಸಾಯುತ್ತವೆ. ಅದಕ್ಕೆ ನಾನು ಮುಂಚೆಯೇ ದೊಡ್ಡ ಜಾಡಿಯಲ್ಲಿ ಬೆರೆಸಿ ಇಡುತ್ತಿದ್ದೆ. ಎಣ್ಣೆ ಉಳಿಯಲೆಂದು ಟರ್ಪೆಂಟೈನ್ ಜಾಸ್ತಿ ಹಾಕಿ ಗಟ್ಟಿ ಔಷಧಿ ಮಾಡಿ, "ಮನೇಲಿ ಕಡಲೆಕಾಯಿ ಎಣ್ಣೆಗೆ ಬೆರೆಸಿ ಕುಡಿಸಿ" ಎನ್ನುತ್ತಿದ್ದೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ನನ್ನದೇ ಜಾಣತನ. ಬರಿಯ ಅಗಸೆ ಎಣ್ಣೆಯ ಜಾಡಿ ಪಕ್ಕದಲ್ಲೇ ಇರುತ್ತಿತ್ತು. "ಲೇಬಲ್ ಹಚ್ಚಯ್ಯ" ಎಂದು ಡಾಕ್ಟರು ಹೇಳುತ್ತಲೇ ಇದ್ದರು. ನನಗೆ ಗೊತ್ತಿರುವಾಗ ಲೇಬಲ್ ಯಾರಿಗೆ ಎಂದು ನಾನು ಹಚ್ಚಲಿಲ್ಲ. ದಿನವಿಡೀ ಟರ್ಪೆಂಟೈನ್ ನಡುವೆ ಇದ್ದು ಅದರ ವಾಸನೆ ನನ್ನ ಮೂಗಿಗೆ ತಿಳಿಯದಂತಾಗಿತ್ತು.

ಗಂಗಮ್ಮ ಗುಬ್ಬಿಗೆ ಹತ್ತಿರದ ಹಳ್ಳಿಯವರು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಎರಡು ಹಸು. ಮಗ ರುದ್ರೇಶ, ಸೊಸೆ. ಅರವತ್ತರ ಹತ್ತಿರದ ವಯಸ್ಸು, ಮಂಡಿ ನೋವು, ನಾಲಿಗೆ ಮಾತ್ರ ಚೂಪು.

"ಕಾಂಪೌಂಡ್ರಪ್ಪ, ನಿನ್ ಮುಖ ಏನ್ ಹಿಂಗ್ ಮಿಂಚ್ತೈತೆ? ದನಿನ್ ಔಸ್ದಿ ನೀನೇ ಕುಡೀತೀಯೇನೋ" ಎಂದು ಅವರು ಗೇಲಿ ಮಾಡಿದ್ದರಿಂದಲೇ ಶುರುವಾದದ್ದು.

"ಹೌದು ಗಂಗಮ್ನೋರೆ, ಅಗಸೆ ಎಣ್ಣೆ ಕುಡೀತೀನಿ."

"ಹಂಗಾರೆ ನಂಗೂ ಒಂದ್ ಬಾಟ್ಲಿ ಕೊಡು. ನಾನೇನ್ ನಿನ್ ಹಸೀನ್ಗಿಂತ ಕಡ್ಮೆನಾ?"

ಕೊಟ್ಟೆ. ಸರ್ಕಾರದ ಎಣ್ಣೆ, ದನದ ಹೆಸರಿನಲ್ಲಿ. ಊಟಕ್ಕೆ ಮುಂಚೆ ಎರಡು ಚಮಚ, ಕಾಯಿಸಬಾರದು, ಬಿಸಿಲಿಗಿಟ್ಟರೆ ಕೆಡುತ್ತದೆ, ನೆರಳಿನಲ್ಲೇ ಇರಬೇಕು ಎಂದು ಪಾಠವನ್ನೂ ಹೇಳಿದೆ. ತಿಂಗಳಿಗೊಮ್ಮೆ ಹಸಿರು ಬಾಟಲಿ ಹಿಡಿದು ಬರುತ್ತಿದ್ದರು. ಹೊಟ್ಟೆ ಸಲೀಸಾಯಿತು ಎಂದರು. ಮಂಡಿ ಹಾಗೇ ಇತ್ತು. ಮಂಡಿಗೆ ಸಾಲದೆಂದು ಕೊನೆಕೊನೆಗೆ ಕೆಲವು ದಿನಗಳಿಂದ ಎರಡು ಚಮಚವನ್ನು ಕಾಫಿ ಲೋಟದ ಅರ್ಧಕ್ಕೆ ಏರಿಸಿಕೊಂಡಿದ್ದರು. ನನಗೆ ಹೇಳಿರಲಿಲ್ಲ.

ಆ ದಿನ ಕಟ್ಟೆಯ ಮೇಲೆ ಎರಡೇ ಹಸಿರು ಬಾಟಲಿ. ಒಂದೇ ಥರದವು. ಮೊದಲು ಬಂದದ್ದು ಗಂಗಮ್ಮ, ಆಮೇಲೆ ಬಸಣ್ಣ. ಬಸಣ್ಣನ ಹಸು ಮನೆಯಲ್ಲಿ ಉಬ್ಬಿಕೊಂಡು ಬಿದ್ದಿತ್ತು, ಆತ ಸೈಕಲ್ಲಿನಿಂದ ಇಳಿದು ಏದುಸಿರು ಬಿಡುತ್ತಿದ್ದ. ನಾನು ಒಳಗೆ ಹೋಗಿ ಮೊದಲ ಬಾಟಲಿಗೆ ಬರಿಯ ಎಣ್ಣೆ, ಎರಡನೆಯದಕ್ಕೆ ಉಬ್ಬರದ ಔಷಧಿ ತುಂಬಿ ಕಟ್ಟೆಯ ಮೇಲಿಟ್ಟು ಕೂಗಿದೆ. ಇಬ್ಬರೂ ತಮ್ಮ ತಮ್ಮ ಬಾಟಲಿ ಎತ್ತಿಕೊಂಡು ಹೋದರು.

ಮಧ್ಯಾಹ್ನ ಬಸಣ್ಣ ನಗುತ್ತಾ ಬಂದ. ಹಸು ಎದ್ದು ನಿಂತಿತ್ತು. ಎರಡು ಎಳನೀರು ತಂದಿದ್ದ.

"ಬದುಕ್ತು ಸ್ವಾಮಿ. ಆದ್ರೆ ಈ ಸಲ ಔಸ್ದಿ ಬ್ಯಾರೆ ಬಂದೈತಾ?"

"ಯಾಕೆ?"

"ಹೋದ್ಸಲ ಬಿರಡೆ ತೆಗುದ್ರೆ ಕಣ್ಣಾಗ್ ನೀರ್ ಬರೋದು. ಇದು ಗಮ್ಮನ್ಲೇ ಇಲ್ಲ. ಸುಮ್ನೆ ಎಣ್ಣೆ ಇದ್ದಂಗಿತ್ತು."

ಕಡಲೆಕಾಯಿ ಎಣ್ಣೆ, ಅಗಸೆ ಎಣ್ಣೆ ಎರಡೂ ಸೇರಿ ಹೊಟ್ಟೆಯ ನೊರೆ ಇಳಿಸಿದ್ದವು. ಹಸು ಬದುಕಿದ್ದರಿಂದಲೇ ನನ್ನ ತಪ್ಪು ಅಷ್ಟು ಹೊತ್ತು ಮುಚ್ಚಿಹೋಗಿತ್ತು. ಬಸಣ್ಣ ವಾಸನೆಯ ಮಾತು ಆಡದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮೊದಲ ಬಾಟಲಿ ಬಸಣ್ಣನದಾದರೆ ಎರಡನೆಯದು ಯಾರದು? ಅವನ ಸೈಕಲ್ಲನ್ನೇ ಕಿತ್ತುಕೊಂಡು ಹೊರಟೆ.

ಬಾಟಲಿ ಅದಲುಬದಲಾದದ್ದು ಹೇಗೆಂದು ಆಮೇಲೆ ಗೊತ್ತಾಯಿತು. ಕಟ್ಟೆಯ ಮೊದಲ ಜಾಗಕ್ಕೆ ಬಿಸಿಲು ಬಂದಿತ್ತು. ಕಾದ ಬಾಟಲಿಗೆ ಎಣ್ಣೆ ಹಾಕಿದರೆ ಕೆಟ್ಟೀತೆಂದು ನಾನು ಒಳಗೆ ತಿರುಗಿದಾಗ ಗಂಗಮ್ಮ ಎದ್ದು ಬಂದು ತಮ್ಮ ಬಾಟಲಿಯನ್ನು ಬಸಣ್ಣನ ಬಾಟಲಿಯ ಆಚೆಗೆ, ನೆರಳಿಗೆ ಸರಿಸಿದ್ದರು. ನಾನು ಹೇಳಿದ ಪಾಠವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವರು ನನ್ನ ಸೇವೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಹೋದಾಗ ಅವರ ಮನೆಯ ಮುಂದೆ ಜನ ಸೇರಿದ್ದರು. ಗಂಗಮ್ಮ ಮೂಗು ಹಿಡಿದುಕೊಂಡು ಅರ್ಧ ಲೋಟ ಒಂದೇ ಗುಟುಕಿಗೆ ಕುಡಿದಿದ್ದರು. ಗಂಟಲು ಉರಿ, ಹೊಟ್ಟೆ ಉರಿ, ಒಂದು ಸಲ ವಾಂತಿಯಾಗಿ ಕೆಮ್ಮು ಹಿಡಿದಿತ್ತು. ಜಗುಲಿಯ ಮೇಲೆ ಕೂರಿಸಿಕೊಂಡು ಇಬ್ಬರು ತಲೆ ಎತ್ತಿ ಹಿಡಿದಿದ್ದರು, ಸೊಸೆ ಉಪ್ಪುನೀರಿನ ಚೊಂಬು ಬಾಯಿಗಿಡುತ್ತಿದ್ದಳು.

"ಕುಡಿಯವ್ವ, ಎಲ್ಲಾ ಕಕ್ಬುಡು" ಎನ್ನುತ್ತಿದ್ದ ರುದ್ರೇಶ.

ಎತ್ತಿ ಹಿಡಿದ ಆ ತಲೆಯನ್ನು ನೋಡಿ ನನಗೆ ಕುಣಿಗಲ್ಲಿನ ಎತ್ತು ಕಾಣಿಸಿತು. ಚೊಂಬು ಕಿತ್ತು ಎಸೆದೆ. "ವಾಂತಿ ಮಾಡಿಸ್ಬೇಡಿ. ಉಸಿರಿಗೆ ಹೋಗ್ತದೆ. ಪಕ್ಕಕ್ಕೆ ಮಲಗ್ಸಿ" ಎಂದೆ. ಇಷ್ಟು ಮಾತ್ರ ನಾನು ಸರಿಯಾಗಿ ಮಾಡಿದ್ದು. ಇದನ್ನು ತಿದ್ದಿಲ್ಲ.

ತಿದ್ದಿದ ಮೊದಲನೆಯ ಜಾಗ ಇದು. ರುದ್ರೇಶ ಕೇಳಿದ, "ಏನ್ ಸಾರ್ ಕುಡುದ್ಲು ನಮ್ಮವ್ವ?" ನಿವೃತ್ತಿಯ ದಿನ ನಾನು, "ತಕ್ಷಣ ನಿಜ ಹೇಳಿದೆ" ಎಂದಿದ್ದೆ. ನಾನು ಹೇಳಿದ್ದು: "ಎಣ್ಣೆ ಜಾಸ್ತಿ ಆಗಿ ಒಗ್ಗಿಲ್ಲ ಅನ್ಸುತ್ತೆ."

ಎರಡನೆಯದು ಬಾಟಲಿಯ ವಿಚಾರ. ಕೊಬ್ಬರಿ ಮೂಟೆ ಇಳಿಸಿ ಬಂದ ಒಂದು ಟೆಂಪೊದಲ್ಲಿ ಅವರನ್ನು ಮಲಗಿಸಿ ತುಮಕೂರಿಗೆ ಹೊರಟೆವು. ಡಾಕ್ಟರಿಗೆ ತೋರಿಸಲೆಂದು ಬಾಟಲಿಯನ್ನು ಜೊತೆಗೆ ತೆಗೆದುಕೊಂಡೆ ಎಂದು ಹೇಳುತ್ತಾ ಬಂದಿದ್ದೇನೆ. ತೋರಿಸುವುದಕ್ಕಾದರೆ ಅದನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಚೀಲದ ತಳಕ್ಕೆ ಯಾಕೆ ತುರುಕಿದೆ? ಆಗ ಮನಸ್ಸಿನಲ್ಲಿ ಏನಿತ್ತೆಂದು ಈಗ ಪ್ರಮಾಣ ಮಾಡಿ ಹೇಳಲಾರೆ. ತುರುಕಿದ್ದಂತೂ ನಿಜ. ದಾರಿಯುದ್ದಕ್ಕೂ ಗಂಗಮ್ಮ ಕೆಮ್ಮುತ್ತಿದ್ದರು. ಒಂದೊಂದು ಕೆಮ್ಮಿಗೂ ರುದ್ರೇಶ ನನ್ನ ಮುಖ ನೋಡುತ್ತಿದ್ದ. ನಾನು ರಸ್ತೆ ನೋಡುತ್ತಿದ್ದೆ. ತುಮಕೂರಿನ ಗುಬ್ಬಿ ಗೇಟ್ ಬಂದಾಗ, ಇಲ್ಲೇ ಇಳಿದು ಹೋಗಿಬಿಡಲೇ ಎಂದು ಅನಿಸಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಇದ್ದವರು ಒಬ್ಬ ಯುವ ಡಾಕ್ಟರು. ಗಂಗಮ್ಮನ ಬಾಯಿಯ ಹತ್ತಿರ ಬಗ್ಗಿ ಮೂಸಿದರು. ಮುಖ ಬಿಗಿಯಾಯಿತು.

"ಹೊಲಕ್ಕೆ ಹೊಡೆಯೋ ಔಷಧಿ ಕುಡಿದಿದಾರಾ?"

"ಇಲ್ಲ ಸಾರ್" ಎಂದ ರುದ್ರೇಶ.

"ಮನೇಲಿ ಜಗಳ ಏನಾದ್ರೂ ಆಗಿತ್ತಾ? ಸೊಸೆ ಜೊತೆ?"

"ಏನ್ ಸಾರ್ ಹಿಂಗಂತೀರಾ? ನಮ್ಮವ್ವ ಯಾಕ್ ಕುಡೀತಾಳೆ?"

"ಎಲ್ರೂ ಮೊದ್ಲು ಹಿಂಗೇ ಹೇಳೋದು. ಪೊಲೀಸಿಗೆ ತಿಳಿಸ್ಬೇಕಾಗುತ್ತೆ" ಎಂದು ಹೇಳಿ ಅವರು ನರ್ಸ್ ಕಡೆ ತಿರುಗಿದರು. "ಹೊಟ್ಟೆ ತೊಳೀಬೇಕು. ಟ್ಯೂಬ್ ತನ್ನಿ."

ಹೊಲದ ಔಷಧಿ ಕುಡಿದವರಿಗೆ ಅದೇ ಸರಿಯಾದ ಚಿಕಿತ್ಸೆ. ಅವರ ತಪ್ಪೇನೂ ಇಲ್ಲ. ಆದರೆ ಟರ್ಪೆಂಟೈನ್ ಕುಡಿದವರ ಗಂಟಲಿಗೆ ಕೊಳವೆ ಇಳಿಸುವಾಗ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಆ ಕೋಣೆಯಲ್ಲಿ ಅದನ್ನು ಬಲ್ಲವನು ನಾನೊಬ್ಬನೇ. ಟ್ಯೂಬ್ ಬಂತು. ನರ್ಸ್ ಅದಕ್ಕೆ ಗ್ಲಿಸರಿನ್ ಸವರಿದರು. ರುದ್ರೇಶ ತಾಯಿಯ ಕಾಲು ಹಿಡಿದುಕೊಂಡು, ತಾನು ಏನೂ ಮಾಡಿಲ್ಲ ಎಂದು ಗೋಡೆಗೆ ಹೇಳುವವನಂತೆ ಹೇಳುತ್ತಿದ್ದ. ಒಬ್ಬ ಆಳು ಬಂದು ಗಂಗಮ್ಮನ ತಲೆಯನ್ನು ಹಿಂದಕ್ಕೆ ವಾಲಿಸಿ ಹಿಡಿದ.

ತಿದ್ದಿದ ಮೂರನೆಯ ಜಾಗ ಇದು. ಡಾಕ್ಟರು ಟ್ಯೂಬ್ ಎಂದ ಕೂಡಲೇ ನಾನು ಕೂಗಿದೆ ಎಂದು ಹೇಳಿದ್ದಕ್ಕೇ ಅವತ್ತು ಚಪ್ಪಾಳೆ ಬಿದ್ದದ್ದು. ಟ್ಯೂಬ್ ತರಲು ನರ್ಸ್ ಆಚೆ ಕೋಣೆಗೆ ಹೋಗಿ ಬಂದರು. ಗ್ಲಿಸರಿನ್ ಬಾಟಲಿ ಸಿಗದೆ ಹುಡುಕಿದರು. ಅಷ್ಟೂ ಹೊತ್ತು ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆಗ ನಾನು ಯೋಚಿಸುತ್ತಿದ್ದದ್ದು ನನ್ನ ಕೆಲಸದ ಬಗ್ಗೆ, ಮುಂದಿನ ತಿಂಗಳು ನಿಶ್ಚಯವಾಗಿದ್ದ ತಂಗಿಯ ಮದುವೆಯ ಬಗ್ಗೆ. ಒಬ್ಬ ಮನುಷ್ಯ ಅಷ್ಟು ಹೊತ್ತು ಸುಮ್ಮನಿರಬಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಆ ಮನುಷ್ಯ ನಾನೇ ಎಂಬ ಆಘಾತ ಇನ್ನೂ ಇಳಿದಿಲ್ಲ.

ಟ್ಯೂಬು ತುಟಿಗೆ ತಾಗಿದಾಗ ನನ್ನ ಕೈ ಚೀಲಕ್ಕೆ ಹೋಯಿತು. ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ.

"ಬೇಡ ಸಾರ್. ಟರ್ಪೆಂಟೈನ್. ಅರ್ಧಕ್ಕರ್ಧ ಅಗಸೆ ಎಣ್ಣೆ. ಅರ್ಧ ಲೋಟ ಕುಡಿದಿದಾರೆ. ತುಂಬಿಕೊಟ್ಟಿದ್ದು ನಾನೇ."

ಡಾಕ್ಟರು ಟ್ಯೂಬನ್ನು ಹಿಂದಕ್ಕೆಳೆದುಕೊಂಡರು. ಬಿರಡೆ ತೆಗೆದು ಮೂಸಿದರು.

"ನೀವು ಯಾರು?"

"ಗುಬ್ಬಿ ದನದಾಸ್ಪತ್ರೆ ಕಾಂಪೌಂಡರ್."

ಅವರು ಬೈಯಲಿಲ್ಲ. "ಹೊರಗೆ ನಿಂತ್ಕೊಳ್ಳಿ" ಎಂದರು. ಹೊರಗೆ ರುದ್ರೇಶ ನನ್ನ ಕತ್ತಿನ ಪಟ್ಟಿ ಹಿಡಿದ. ಹೊಡೆಯಲು ಕೈ ಎತ್ತಿ ಹಾಗೇ ಇಳಿಸಿದ. "ಮನೇಲೇ ಕೇಳುದ್ನಲ್ಲೋ" ಎಂದ. ಅಷ್ಟು ಹೊತ್ತೂ ನನ್ನನ್ನು ಸಾರ್ ಎನ್ನುತ್ತಿದ್ದವನು.

ಗಂಗಮ್ಮನಿಗೆ ಶ್ವಾಸಕೋಶದ ಉರಿಯೂತವಾಯಿತು. ಆಕ್ಸಿಜನ್, ಇಂಜೆಕ್ಷನ್. ಬದುಕುತ್ತಾರೋ ಇಲ್ಲವೋ ಎಂದು ಮೂರು ದಿನ ಯಾರೂ ಹೇಳಲಿಲ್ಲ.

ನಂಜುಂಡಪ್ಪನವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕುರ್ಚಿಯಿಂದ ಎದ್ದು ಔಷಧಿ ಕೋಣೆಗೆ ಹೋಗಿ ಎರಡೂ ಜಾಡಿಗಳ ಮುಂದೆ ನಿಂತರು.

"ಬರೀ ಎಣ್ಣೆ ಯಾವುದಯ್ಯ?"

ತೋರಿಸಿದೆ.

"ನಿನ್ನ ನೋಡಿ ನಾನೂ ಮೂರು ತಿಂಗಳಿಂದ ದಿನಾ ಒಂದು ಚಮಚ ತಗೋತಿದೀನಿ. ಯಾವ ಜಾಡಿ ಅಂತ ಒಂದಿನಾನೂ ಕೇಳಿರ್ಲಿಲ್ಲ. ಎಡಗಡೇದು ಅಂತ ಅಂದ್ಕೊಂಡು." ಅವರು ಗೋಡೆಗೆ ಒರಗಿದರು. "ಹೋದ ವಾರ ನೀನು ಜಾಡಿ ತೊಳೆದೆಯಲ್ಲ, ಆಮೇಲೆ ಎಡಗಡೆ ಯಾವುದಿಟ್ಟೆ?"

ನನಗೆ ಗೊತ್ತಿರಲಿಲ್ಲ. ಅವರಿಗೆ ಏನೂ ಆಗಿರಲಿಲ್ಲವಾದ್ದರಿಂದ ಸರಿಯಾಗೇ ಇಟ್ಟಿರಬೇಕು. ಅವತ್ತೇ ಕೂತು ಕೋಣೆಯಲ್ಲಿದ್ದ ಪ್ರತಿಯೊಂದು ಜಾಡಿಗೂ ಲೇಬಲ್ ಹಚ್ಚಿದೆ. ಮೇಲಿನವರು ವಿಚಾರಣೆ ಮಾಡಿದರು, ಕೆಲವು ತಿಂಗಳು ಅಮಾನತಿನಲ್ಲಿದ್ದೆ. ತಂಗಿಯ ಮದುವೆ ನಡೆಯಿತು. ನಾನು ಹೆದರಿದ್ದ ಯಾವುದೂ ಆಗಲಿಲ್ಲ.

ಈಗ ಉಬ್ಬರಕ್ಕೆ ಸೀಲು ಹಾಕಿದ ಔಷಧಿ ಬರುತ್ತದೆ, ಹೆಸರೂ ಚಿತ್ರವೂ ಅಚ್ಚಾಗಿರುತ್ತವೆ. ಅಗಸೆ ಎಣ್ಣೆಯೂ ಮಾತ್ರೆಯ ರೂಪದಲ್ಲಿ ಬಂದಿದೆ. ತುಮಕೂರಿನ ಶಿರಾ ಗೇಟಿನ ಅಂಗಡಿಯೊಂದರಲ್ಲಿ ಆ ಡಬ್ಬಿ ಹಿಡಿದು, ಹೃದಯಕ್ಕೆ, ಕೀಲಿಗೆ, ಕೂದಲಿಗೆ, ಸಕ್ಕರೆ ಕಾಯಿಲೆಗೆ ಎಂದು ಬರೆದಿದ್ದ ಪಟ್ಟಿ ಓದಿ ಬೆವರಿದೆ. ಅದು ನಾನೇ ಆಡುತ್ತಿದ್ದ ಮಾತು. ನನಗೆ ಗೊತ್ತಿರುವುದು ಇಷ್ಟೆ: ತಿನ್ನಲೆಂದೇ ತೆಗೆದ ಹಸಿ ಎಣ್ಣೆಯಲ್ಲಿ ಮೈಗೆ ಬೇಕಾದ ಒಳ್ಳೆಯ ಕೊಬ್ಬು ಇದೆ, ಕೆಲವರಿಗೆ ಮಲಬದ್ಧತೆಗೂ ಒಣ ಚರ್ಮಕ್ಕೂ ನೆರವಾಗುತ್ತದೆ. ಬಣ್ಣದ ಅಂಗಡಿಯದು, ದನದಾಸ್ಪತ್ರೆಯದು ಬಾಯಿಗೆ ಇಡುವಂಥದ್ದಲ್ಲ. ಕಾಯಿಸಬಾರದು, ಹಳತಾದರೆ ಕಮಟು ಹಿಡಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳಬೇಕು. ಉಳಿದದ್ದಕ್ಕೆ ನಾನು ಸಾಕ್ಷಿಯಲ್ಲ. ನೀವೂ ಒಂದು ಕುದುರೆಯ ಮೈ ಹೊಳಪು ನೋಡಿ ಸಾಕ್ಷಿ ಹೇಳಬೇಡಿ.

ನಾಲ್ಕನೆಯ ದಿನ ಗಂಗಮ್ಮ ಕಣ್ಣು ಬಿಟ್ಟು ಮಾತಾಡಿದರು ಎಂದು ತಿಳಿದು ಹೋದೆ. ರುದ್ರೇಶ ಕಾಫಿಗೆ ಹೋಗಿದ್ದ. ಅವರ ದನಿ ಕ್ಷೀಣವಾಗಿತ್ತು.

"ಬಾಟ್ಲಿ ಜರುಗಿಸಿದ್ದು ನಾನೇ ಕಣಪ್ಪ. ಬಿಸ್ಲು ಅಂತ."

"ಲೇಬಲ್ ಹಚ್ದೇ ಇದ್ದಿದ್ದು ನಾನಮ್ಮ."

"ಅದಿರ್ಲಿ ಬುಡು." ಸ್ವಲ್ಪ ಹೊತ್ತು ಉಸಿರಾಡಿಕೊಂಡರು. "ಅವತ್ತು ಆ ಕೊಳವೆ ತತ್ತಾ ಇದ್ರಲ್ಲ, ನಂಗೆ ಎಲ್ಲಾ ಕಾಣ್ತಿತ್ತು. ನೀನು ಬಾಗ್ಲತ್ರ ಚೀಲ ಅಪ್ಕಂಡು ನಿಂತಿದ್ದೆ. ಅಷ್ಟೊತ್ತು ಯಾಕಪ್ಪ ಸುಮ್ಕಿದ್ದೆ?"

ಯಾರೂ ನೋಡಿಲ್ಲವೆಂದು ನಾನು ತಿಳಿದಿದ್ದೆ.

"ಕೆಲ್ಸ ಹೋಗ್ತದೆ ಅಂತಮ್ಮ."

"ಹೂಂ" ಎಂದರು. "ಬಾಯ್ ಒಣಗ್ತೈತೆ. ಒಂದಿಷ್ಟ್ ನೀರ್ ಕೊಡು."

ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದರು. ಕಣ್ಣು ನನ್ನ ಮೇಲಿತ್ತು. ನಿಧಾನವಾಗಿ ಮೂಸಿದರು. ಇನ್ನೊಂದು ಸಲ ಮೂಸಿದರು. ಆಮೇಲೆ ಕುಡಿದರು.